ಚಾಚದೆ ಉಳಿದ ಕೈ

ನೃತ್ಯದ ತಾಲೀಮಿನ ಮೊದಲ ದಿನವೇ ಆಂಬ್ರೋಸ್ ನನ್ನ ಕಾಲು ತುಳಿದ. ಬೇಕೆಂದೇ ತುಳಿದನೆಂದುಕೊಂಡೆ.

“ಸ್ಪೇನಿನೋರು ನೆಲ ಕಂಡ್ರೆ ಬಿಡಲ್ಲ ಅಂತ ಕೇಳಿದ್ದೆ. ಕಾಲೂ ಬಿಡಲ್ವಾ?” ಎಂದೆ.

“ನಾನು ಸ್ಪೇನಿನೋನಲ್ಲ ದೊರೆಸಾನಿಯೋರೇ, ಇಲ್ಲೇ ಕೆಂಟ್ ಕಡೆಯೋನು. ನಮ್ಮೂರಲ್ಲಿ ಎಲ್ರೂ ಹೀಗೇ ಕುಣಿಯೋದು.”

ಮುಖ ಗಂಭೀರವಾಗಿಯೇ ಇತ್ತು, ಕಣ್ಣು ಮಾತ್ರ ನಗುತ್ತಿತ್ತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಕ್ರಿಸ್‌ಮಸ್ ಹಬ್ಬದ ಕೊನೆಗೆ ಅರಮನೆಯಲ್ಲಿ ಮುಖವಾಡದ ನೃತ್ಯ. ಕುಣಿಯುವವರು ದೊಡ್ಡ ಮನೆತನಗಳ ಗಂಡಸರು. ತಾಲೀಮಿಗೆ ಜೋಡಿ ಬೇಕೆಂದು ನಾಟ್ಯದ ಮೇಷ್ಟ್ರು ರಾಣಿಯ ಸಖಿಯರಾದ ನಮ್ಮನ್ನು ಎಳೆದು ತಂದಿದ್ದರು. ಅರಮನೆಯ ಎರಡು ಬಣದವರು ಜಗಳವಿಲ್ಲದೆ ಹತ್ತಿರ ನಿಲ್ಲುತ್ತಿದ್ದದ್ದು ಅಲ್ಲಿ ಮಾತ್ರ.

ಲಾರ್ಡ್ ಹಾರ್ವಿಕ್‌ನ ಬಣಕ್ಕೆ ಸ್ಪೇನಿನ ಸ್ನೇಹ ಬೇಕು, ಅಲ್ಲಿನ ರಾಜಕುಮಾರಿ ನಮ್ಮ ಅರಮನೆಗೆ ಸೊಸೆಯಾಗಿ ಬರಬೇಕು. ನನ್ನ ಸೋದರಮಾವ ಲಾರ್ಡ್ ಪೆನ್ರೋಸ್‌ಗೆ ಸ್ಪೇನಿನ ವಿರುದ್ಧ ಕಾದಾಡುತ್ತಿರುವ ಡಚ್ಚರಿಗೆ ನೆರವು ಹೋಗಬೇಕು. ದೊರೆ ಬೆಳಿಗ್ಗೆ ಅವರ ಮಾತಿಗೆ, ಸಂಜೆ ಇವರ ಮಾತಿಗೆ ತಲೆಯಾಡಿಸುತ್ತಿದ್ದರು. ನನ್ನ ತಮ್ಮ ಜರ್ವೇಸ್ ಸ್ಪೇನಿನ ಸೈನ್ಯ ಮುತ್ತಿದ್ದ ಒಂದು ಡಚ್ ಊರಿನೊಳಗೆ ಸಿಕ್ಕಿಬಿದ್ದಿದ್ದ. ಅಲ್ಲಿಗೆ ಮದ್ದುಗುಂಡು, ಧಾನ್ಯದ ಹಡಗು ಕಳಿಸಲು ದೊರೆ ಮಾವನಿಗೆ ಅರ್ಧ ಮಾತು ಕೊಟ್ಟಿದ್ದರು. ಮಾವನ ಮಾತಿಗೆ ತೂಕ ಇರುವವರೆಗೆ ನನ್ನ ತಮ್ಮನಿಗೆ ಉಸಿರು.

ಆಂಬ್ರೋಸ್ ಹಾರ್ವಿಕ್‌ನ ನಂಬಿಕೆಯ ಬಂಟ. ಗೊತ್ತಿದ್ದೂ ಪ್ರೀತಿಸಿದೆ. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ.

ಕುಣಿತದ ತಿರುವಿನಲ್ಲಿ ಅವನು ನನ್ನನ್ನೇ ನೋಡುತ್ತಿದ್ದ. ಮೇಷ್ಟ್ರು ಕೋಲಿನಿಂದ ನೆಲ ಕುಟ್ಟಿ “ಕತ್ತು ಆ ಕಡೆ” ಎಂದರೆ, ಕತ್ತು ತಿರುಗಿಸಿ ಕಣ್ಣನ್ನು ನನ್ನ ಮೇಲೆಯೇ ಬಿಡುತ್ತಿದ್ದ. ನಾನು ನಗು ತಡೆಯಲಾರದೆ ಹೆಜ್ಜೆ ತಪ್ಪುತ್ತಿದ್ದೆ, ಬೈಗುಳ ನನಗೇ ಬೀಳುತ್ತಿತ್ತು.

ಒಂದು ಮಧ್ಯಾಹ್ನ ಕಿಟಕಿಯ ಬಳಿ ನಿಂತು ಹೇಳಿದ, “ಹಬ್ಬದ ದಿನ ಕೆಳಗಿಳಿದಾಗ ನಿನ್ನನ್ನೇ ಕರೀತೀನಿ, ಥಾಮಸಿನ್. ಎಲ್ರೂ ನೋಡ್ಲಿ.”

ಮುಖವಾಡದವರು ತಮ್ಮ ಕುಣಿತ ಮುಗಿಸಿ ವೇದಿಕೆಯಿಂದ ಕೆಳಗಿಳಿದು, ನೋಡಲು ಕೂತ ಹೆಂಗಸರಲ್ಲಿ ಒಬ್ಬೊಬ್ಬರಿಗೆ ಕೈ ಚಾಚಿ ಕುಣಿಯಲು ಕರೆಯುವುದು ಪದ್ಧತಿ. ಯಾರು ಯಾರನ್ನು ಕರೆದರೆಂದು ನೋಡುತ್ತ ಕೂರುವುದೇ ರಾಯಭಾರಿಗಳ ಕಸುಬು.

“ಕರೆದ್ರೆ ಏನಾಗತ್ತೆ ಗೊತ್ತಾ? ಪೆನ್ರೋಸ್ ಸ್ಪೇನ್ ಕಡೆ ವಾಲಿದ್ರು ಅಂತ ಬೆಳಗಾಗೋದ್ರೊಳಗೆ ಊರೆಲ್ಲ ಹಬ್ಬತ್ತೆ. ಡಚ್ಚರೇ ಮಾವನ್ನ ನಂಬಲ್ಲ. ಹಡಗು ಹೊರಡಲ್ಲ.”

“ನಾನು ನಿನ್ನ ಕೈ ಹಿಡಿಯೋದಕ್ಕೂ ಹಡಗಿಗೂ ಏನೇ ಸಂಬಂಧ?”

“ಈ ಅರಮನೇಲಿ ಕೆಮ್ಮಿದ್ರೂ ಸಂಬಂಧ ಇರತ್ತೆ. ನನ್ನನ್ನ ಕರೀಬೇಡ. ಆಣೆ ಇಡು.”

“ಕರೆದ್ರೆ?”

“ಕರೆದ್ರೆ ನಾನು ಎದ್ದು ಬಂದ್ಬಿಡ್ತೀನಿ. ಅದಕ್ಕೇ ಕರೀಬೇಡ.”

ಕೊನೆಗೆ ಆಣೆ ಇಟ್ಟ.

ಹಬ್ಬದ ದಿನ ಮಾವನ ಪಕ್ಕ ಮುಂದಿನ ಸಾಲಿನಲ್ಲಿ ಕೂತೆ. ಮುಖವಾಡಗಳೆಲ್ಲ ಒಂದೇ ಥರ ಇದ್ದವು, ಆದರೂ ನಡಿಗೆಯಲ್ಲೇ ಅವನ ಗುರುತು ಹಿಡಿದೆ. ನಮ್ಮ ಕಡೆಗೇ ಬಂದ. ಕರೆಯಲಿ ಎಂದು ಮನಸ್ಸು ಬೇಡಿಕೊಂಡಿತು. ಜರ್ವೇಸ್ ಸಾಯಲಿ ಎಂದು ಬೇಡಿದಂತೆಯೇ ಅದು, ತಿಳಿದೂ ಬೇಡಿದೆ. ನನ್ನೆದುರು ನಿಂತ. ಮುಖವಾಡದೊಳಗೆ ಅವನ ಕಣ್ಣು ತುಂಬಿತ್ತು. ಆಮೇಲೆ ನನ್ನನ್ನು ದಾಟಿ ಹೋಗಿ, ಸ್ಪೇನ್ ರಾಯಭಾರಿಯ ಮಗ್ಗುಲಲ್ಲಿದ್ದ ಮುದುಕಿಯೊಬ್ಬಳಿಗೆ ಕೈ ಚಾಚಿದ.

ತಮ್ಮ ಉಳಿದ ಎಂದುಕೊಂಡೆ. ಪಕ್ಕದಲ್ಲಿ ಮಾವನ ಮುಖ ಸುಣ್ಣವಾಗಿತ್ತು.

“ನೋಡಿದ್ಯಾ?” ಎಂದರು ಮೆಲ್ಲಗೆ. “ನಮ್ಮ ಮುಂದೆ ನಿಂತು, ಬೇಕಂತ ದಾಟಿ ಹೋದ. ಪೆನ್ರೋಸ್ ಲೆಕ್ಕಕ್ಕೇ ಇಲ್ಲ ಅಂತ ಸಭೇಗೆಲ್ಲ ಸಾರಿದ ಹಾಗಾಯ್ತು.”

ಸಭೆಯೂ ಹಾಗೆಯೇ ತಿಳಿಯಿತು. ದೊರೆಯ ಬೆಂಬಲ ಇಲ್ಲದೆ ಹಾರ್ವಿಕ್‌ನ ಬಂಟನಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು? ಮಾವನ ಬಾಗಿಲಿಗೆ ಬರುತ್ತಿದ್ದವರೆಲ್ಲ ಹಾರ್ವಿಕ್‌ನ ಬಾಗಿಲಲ್ಲಿ ನಿಂತರು. ಬೆನ್ನ ಹಿಂದೆ ಯಾರೂ ಇಲ್ಲದವರ ಮಾತನ್ನು ದೊರೆ ಕೇಳಲಿಲ್ಲ. ಹಡಗಿಗೆ ತುಂಬಿದ್ದ ಧಾನ್ಯವನ್ನು ಇಳಿಸಿದರು.

ಮದುವೆ ಮಾತುಕತೆಗೆ ಮ್ಯಾಡ್ರಿಡ್‌ಗೆ ಹೊರಟ ಹಾರ್ವಿಕ್, ಆಂಬ್ರೋಸನ ಧೈರ್ಯ ಮೆಚ್ಚಿ ಅವನನ್ನೂ ಕರೆದುಕೊಂಡ. ನದಿಯ ಮೆಟ್ಟಿಲ ಬಳಿ, ಸಾಮಾನು ಏರಿಸುವ ಗದ್ದಲದ ಮರೆಯಲ್ಲಿ ಆಂಬ್ರೋಸ್ ನನಗೆ ಸಿಕ್ಕ.

“ನಾನು ನಿಲ್ಲಬಾರದಾಗಿತ್ತು. ನಿನ್ನ ನೋಡದೆ ದಾಟೋಕೆ ಆಗ್ಲಿಲ್ಲ ಕಣೇ.”

“ಗೊತ್ತು.”

“ಹೋಗಲ್ಲ ಅಂದ್ಬಿಡ್ತೀನಿ. ಇಲ್ಲೇ ಇರ್ತೀನಿ.”

“ಇದ್ದು? ನಿನ್ನ ಕಂಡಾಗೆಲ್ಲ ಜರ್ವೇಸ್ ಹಸ್ಕೊಂಡಿರೋದು ನೆನಪಾಗತ್ತೆ. ಆದ್ರೂ ನಿನ್ನನ್ನೇ ನೋಡ್ತಾ ಇರ್ತೀನಿ. ಅದು ಇನ್ನೂ ಕೆಟ್ಟದ್ದು. ಹೋಗು.”

ಅಂಬಿಗ ಅವಸರ ಮಾಡಿದ.

“ಅವತ್ತು ಕರೆದಿದ್ರೆ, ನಿಜವಾಗ್ಲೂ ಬರ್ತಿದ್ಯಾ?”

“ಬರ್ತಿದ್ದೆ. ಹಡಗು ಹೇಗೂ ಹೋಗ್ತಿರ್ಲಿಲ್ಲ. ಒಂದು ಕುಣಿತನಾದ್ರೂ ನಮ್ಮದಾಗಿರ್ತಿತ್ತು.”

ದೋಣಿ ಹತ್ತಿ, ದಡ ಬಿಟ್ಟ ಮೇಲೆ, ನನ್ನ ಕಡೆ ತಿರುಗಿ ಕೈ ಎತ್ತಲು ಹೋದ. ಮೆಟ್ಟಿಲ ಮೇಲೆ ಎರಡೂ ಬಣದವರು ನಿಂತು ನೋಡುತ್ತಿದ್ದರು. ಬೇಡವೆಂದು ತಲೆಯಾಡಿಸಿದೆ. ಅವನು ಕೈ ಇಳಿಸಿದ.