ಮನೆ ಕೊಡದ ಮಾಲೀಕ

ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲು ಎಂದಿನಂತೆ ಉಕ್ಕಿತು. ಅವಳು ಒಲೆ ಆರಿಸಿ, ಕಟ್ಟೆ ಒರೆಸಿ, ತಲೆ ಬಾಚಿಕೊಂಡು ಕೆಲಸಕ್ಕೆ ಹೊರಟಳು.

“ಇವತ್ತೇ ಹೋಗ್ಬೇಕಾ?” ಅತ್ತೆ ಕೇಳಿದರು.

“ಮನೇಲಿದ್ರೆ ಜನ ಬರ್ತಾರೆ ಅತ್ತೆ. ಹೇಗಾಯ್ತು ಅಂತ ಮೊದಲಿಂದ ಹೇಳಿಸ್ತಾರೆ.”

“ಹೋಗಿ ಬಾ ಹಾಗಾದ್ರೆ. ನನಗೆ ಬಾಯಿಪಾಠ ಆಗಿದೆ, ನಾನೇ ಹೇಳ್ತೀನಿ.”

ಗಂಡ ಹೆಂಡತಿ ಇಬ್ಬರದೂ ಒಂದೇ ಕೆಲಸ: ಭೇದಭಾವ ತಡೆಯುವ ಕಾನೂನನ್ನು ನ್ಯಾಯಾಧೀಶರಿಗೂ ಸ್ವಯಂಸೇವಾ ಸಂಸ್ಥೆಗಳವರಿಗೂ ಕಲಿಸುವುದು. ಭಾಷಣಕ್ಕಿಂತ ನಾಟಕ ಮೇಲು ಎಂಬುದು ಅವನ ನಂಬಿಕೆ. ಗಂಡನಿಲ್ಲದ ಹೆಂಗಸೊಬ್ಬಳು ಬಾಡಿಗೆ ಮನೆ ಕೇಳಿಕೊಂಡು ಬರುತ್ತಾಳೆ. ಮಾಲೀಕ ಏನೋ ನೆಪ ಹೇಳಿ ಸಾಗಹಾಕುತ್ತಾನೆ. ನೋಡಿದವರು ತೀರ್ಪು ಕೊಡಬೇಕು. ಅವನು ಮಾಲೀಕ. ಅವಳು ವಿಧವೆ.

ಅವರ ಪರಿಚಯವಾದದ್ದೂ ಅದರಿಂದಲೇ. ತರಬೇತಿಗೆ ತಡವಾಗಿ ಬಂದ ಅವಳು, ಅವನು ಯಾರಿಗೋ ಮನೆ ಇಲ್ಲ ಎನ್ನುವುದನ್ನು ಕೇಳಿ, ನಿಜವೆಂದೇ ತಿಳಿದು, ಬಾಗಿಲಲ್ಲೇ ನಿಂತು ಚಳಿ ಬಿಡಿಸಿದ್ದಳು. ಮಧ್ಯಾಹ್ನ ಅವನೇ ಚಹಾ ಹಿಡಿದು ಬಂದ.

“ಮನೆ ಕೊಡ್ತೀನಿ, ಬೈಬೇಡಿ. ಆದ್ರೆ ಮಾಲೀಕ ಖಾಲಿ ಮಾಡಲ್ಲ, ಜೊತೇಲೇ ಇರ್ತಾನೆ. ಪರವಾಗಿಲ್ವಾ?”

ಅವಳು ಕಪ್ಪಿನ ಮರೆಯಲ್ಲಿ ನಕ್ಕಿದ್ದಳು.

ಇವತ್ತು ಮಾಲೀಕನ ಕುರ್ಚಿಯಲ್ಲಿ ತರಬೇತಿಗೆ ಬಂದಿದ್ದ ಕಿರಿಯ ನ್ಯಾಯಾಧೀಶರೊಬ್ಬರು ಕುಳಿತಿದ್ದರು. ಅಡ್ವಾನ್ಸ್ ಎಷ್ಟು, ನೀರು ಯಾವಾಗ ಬರುತ್ತದೆ, ಎಲ್ಲ ಹೇಳಿದರು. ಮುಖ್ಯ ಪ್ರಶ್ನೆಯನ್ನು ಮಾತ್ರ ನುಂಗಿಕೊಂಡರು.

“ಒಂದು ಪ್ರಶ್ನೆ ಬಿಟ್ರಿ ಸರ್.”

“ಬೇಡ ಮೇಡಂ, ಇಂಥ ಹೊತ್ತಲ್ಲಿ. ಆ ಪಾತ್ರ ಬೇರೆ ಯಾರಾದ್ರೂ ಮಾಡ್ಲಿ.”

ಎಲ್ಲರೂ ಹೌದೆಂದು ತಲೆಯಾಡಿಸಿದರು. ಈಗ ಎದ್ದರೆ ಈ ಕುರ್ಚಿಗೆ ಮತ್ತೆ ಬರಲಾರೆನೆಂದು ಅವಳಿಗೆ ಗೊತ್ತಿತ್ತು. ತಾನೂ ಗಂಡನೂ ಸೇರಿ ಮಾಡಿದ್ದರಲ್ಲಿ ಉಳಿದದ್ದು ಇದೊಂದೇ.

“ಪಾಪ ಅಂತ ಹೊರಗಿಡೋರೂ ಇದ್ದಾರೆ ಸರ್. ಅದಕ್ಕೂ ಇದೇ ಕಾನೂನು. ಕೇಳಿ.”

ಅವರು ಮೇಜು ನೋಡುತ್ತ ಕೇಳಿದರು. “ನಿಮ್ಮ ಯಜಮಾನರು ಎಲ್ಲಿ?”

“ತೀರಿಕೊಂಡ್ರು.”

ಎಷ್ಟೋ ಸಲ ಹೇಳಿದ್ದ ಮಾತು. ಅದನ್ನು ಕೇಳಿ ಎದುರಿನ ಕುರ್ಚಿಯಲ್ಲಿ ನಗು ತಡೆದುಕೊಳ್ಳುತ್ತಿದ್ದವನು ಇವತ್ತು ಇರಲಿಲ್ಲ. ಅವಳು ಮುಂದಿನ ಮಾತಿಗೆ ಹೋದಳು. ಪಾಠ ಮುಗಿಸಿದಳು.

ಸಂಜೆ ತರಬೇತಿ ಸಂಸ್ಥೆಯ ಗ್ರಂಥಾಲಯಕ್ಕೆ ಹೋದಳು. ಮಾಲೀಕನ ವೇಷಕ್ಕೆಂದು ಗಂಡ ಅಲ್ಲಿನ ಗ್ರಂಥಪಾಲಕರ ದಪ್ಪ ಗಾಜಿನ ಹಳೆಯ ಕನ್ನಡಕವನ್ನು ಕಡ ತಂದಿದ್ದ. ಅದನ್ನು ಚೀಲದಿಂದ ತೆಗೆದಳು.

“ಅವನ ಕಣ್ಣು ಚೆನ್ನಾಗೇ ಇತ್ತಲ್ಲಮ್ಮ,” ಎಂದರು ಆ ವಯಸ್ಸಾದ ಗ್ರಂಥಪಾಲಕರು. “ಇದನ್ನ ಹಾಕ್ಕೊಂಡ್ರೆ ಎದುರಿಗಿರೋದೇ ಕಾಣಲ್ವಲ್ಲೋ ಅಂದೆ. ‘ಅವಳು ಸರಿಯಾಗಿ ಕಂಡ್ರೆ ಮನೆ ಇಲ್ಲ ಅನ್ನೋಕೆ ಬಾಯೇ ಬರಲ್ಲ ಸಾರ್’ ಅಂದ.”

ಅವಳು ಕನ್ನಡಕ ಹಾಕಿ ನೋಡಿದಳು. ಕಪಾಟುಗಳೆಲ್ಲ ಮಂಜಾದವು. ತೆಗೆದ ಮೇಲೂ ಮಂಜಾಗಿಯೇ ಇದ್ದವು.

ಕನ್ನಡಕದ ಕಡ್ಡಿಗಳನ್ನು ಮಡಚಿ, ಅವರ ಅಂಗೈಯಲ್ಲಿಟ್ಟಳು.