ಹೆಕ್ಸೇನ್ ಮತ್ತು ದೀಪದ ಹೊತ್ತು

"ಬೀಗ ತೆಗಿಯೋ ಸಂಕರ್ಷಣಾ! ಇಬ್ರೂ ಸುಟ್ಟು ಬೂದಿ ಆಗ್ತೀವಿ!"

"ಮೊದ್ಲು ಫೋನಿನ ಲಾಕ್ ನಂಬರ್ ಹೇಳಿ ರಾಮಾಂಜಿನಪ್ಪ. ಫೋಟೋಗಳೆಲ್ಲ ಡಿಲೀಟ್ ಆಗ್ಲಿ. ಆಮೇಲೆ ಬೀಗ."

ಅವನು ಹೊರಗೆ ಹಿತ್ತಲಲ್ಲಿ. ನಾನು ಒಳಗೆ. ನಡುವೆ ಕಬ್ಬಿಣದ ಗ್ರಿಲ್. ಬೀಗದ ಕೈ ಅವನ ಜೇಬಿನಲ್ಲಿ, ನನ್ನ ಫೋನು ಅವನ ಕೈಯಲ್ಲಿ. ನನ್ನ ಬೆನ್ನ ಹಿಂದೆ ಮನೆಯೊಳಕ್ಕೆ ಹೋಗುವ ಬಾಗಿಲು ಇತ್ತು. ಅದಕ್ಕೆ ಆ ಕಡೆಯಿಂದ ಚಿಲಕ.

ಕಾಲ ಕೆಳಗೆ ಇಪ್ಪತ್ತು ಲೀಟರ್ ಹೆಕ್ಸೇನ್!

ನನಗೆ ಹೆದರಿಕೆ ಆಗಲಿಲ್ಲ ಅಂದರೆ ನೀವು ನಂಬಬೇಡಿ. ಇಪ್ಪತ್ತೆರಡು ವರ್ಷ ಫೈರ್ ಸ್ಟೇಷನ್ನಿನಲ್ಲಿ ಕೆಲಸ ಮಾಡಿದವನು ನಾನು. ಈಗ ನಾಲ್ಕು ವರ್ಷದಿಂದ ಇನ್ನೊಬ್ಬರ ಗುಟ್ಟು ಹುಡುಕಿ ಹೊಟ್ಟೆ ಹೊರೆಯುತ್ತೇನೆ. ಬೆಂಕಿಯೊಳಗೆ ನುಗ್ಗಿದ್ದೇನೆ. ಆದರೆ ಬೆಂಕಿ ಬರಲಿ ಅಂತ ಕಾಯುತ್ತಾ ನಿಂತದ್ದು ಇದೇ ಮೊದಲು.

ಹೆಕ್ಸೇನ್ ನೋಡಿದ್ದೀರಾ? ನೀರಿನ ಹಾಗೇ ಇರುತ್ತದೆ. ಬಣ್ಣವಿಲ್ಲ. ಪೆಟ್ರೋಲಿನಂಥ ಸಣ್ಣ ವಾಸನೆ. ಸೋಯಾ ಕಾಳಿನಿಂದ ಎಣ್ಣೆ ತೆಗೆಯುವುದು ಇದರಲ್ಲೇ. ಚಪ್ಪಲಿ ಅಂಟಿಸುವ ಗೋಂದಿನಲ್ಲೂ ಇದು ಇರುತ್ತದೆ. ಮಲ್ಲಿಗೆ ಹೂವನ್ನು ಇದರಲ್ಲಿ ನೆನೆಸಿದರೆ ಪರಿಮಳವೆಲ್ಲ ಇದಕ್ಕೇ ಇಳಿಯುತ್ತದೆ. ಆಮೇಲೆ ಇದನ್ನು ಆವಿಯಾಗಿಸಿ ಹಾರಿಸಿದರೆ ಅತ್ತರಿನ ಸಾರ ಉಳಿಯುತ್ತದೆ. ಸಂಕರ್ಷಣ ಶಂಕರಪುರದ ಹಳೇ ಮನೆಯ ಹಿಂದಿನ ಕೋಣೆಯಲ್ಲಿ ಕದ್ದು ಮಾಡುತ್ತಿದ್ದದ್ದು ಇದೇ ದಂಧೆ. ಲೈಸೆನ್ಸೂ ಇಲ್ಲ, ಒಂದು ಫ್ಯಾನೂ ಇಲ್ಲ!

ಅಲ್ಲಿ ಹೂವು ಸೋಸುತ್ತಿದ್ದವಳು ಮಹಾನಂದ. ಒಂದು ದಿನ ಚಾಮರಾಜಪೇಟೆಯಲ್ಲಿ ನಡೆಯುವಾಗ ಅವಳ ಕಾಲಿಂದ ಚಪ್ಪಲಿ ಕಳಚಿ ಬಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ. ಗಾಜಿನ ಚೂರು ಚುಚ್ಚಿ ರಕ್ತ ಸುರಿದರೂ ಗೊತ್ತಾಗಲಿಲ್ಲ. ದಿನಾ ಹೆಕ್ಸೇನ್ ಆವಿ ಉಸಿರಾಡಿ ಪಾದದ ನರಗಳು ಸತ್ತಿದ್ದವು. ಸಂಕರ್ಷಣ "ಶುಗರ್ ಕಾಯಿಲೆ" ಅಂದ. ಅವಳ ಗಂಡ ನನ್ನ ಹತ್ತಿರ ಬಂದ.

ಇವತ್ತು ಕೆಲಸಕ್ಕೆ ಯಾರೂ ಇಲ್ಲದ ಹೊತ್ತು ನೋಡಿ ಆ ಕೋಣೆಗೆ ನುಸುಳಿದೆ. ನಾನು ಕ್ಯಾನುಗಳ ಫೋಟೋ ತೆಗೆಯುವಾಗ ಸಂಕರ್ಷಣ ಬಂದ. ಫೋನ್ ಕಿತ್ತುಕೊಂಡು ನೂಕಿದ. ನಾನು ಬಿದ್ದೆ, ಬಾಯಿ ತೆರೆದಿದ್ದ ಕ್ಯಾನೂ ಉರುಳಿತು. ಅವನು ಹೊರಕ್ಕೆ ಹಾರಿ ಗ್ರಿಲ್ಲಿಗೆ ಬೀಗ ಜಡಿದ.

"ಯಾಕ್ರೀ ಹೆದರ್ತೀರಾ? ಹಾರೋಗತ್ತೆ ಅದು!" ಅಂದ.

"ಹಾರಿ ಎಲ್ಲಿಗೋ ಹೋಗುತ್ತೆ? ಗಾಳಿಗಿಂತ ಮೂರು ಪಟ್ಟು ಭಾರ ಕಣೋ ಅದರ ಆವಿ! ನೆಲ ಹಿಡಿದು ಹರಿಯುತ್ತೆ. ಫ್ರೀಜರಿನಲ್ಲಿಟ್ಟರೂ ಬೆಂಕಿ ಹಿಡಿಯುತ್ತೆ. ಒಂದು ಕಿಡಿ ಸಾಕು!"

"ಮರದ ಬಾಗ್ಲು ತೆಗ್ದಿದೆಯಲ್ಲ. ಆಚೆ ಹೋಗತ್ತೆ ಬಿಡಿ."

ಅದು ನಿಜ. ಗ್ರಿಲ್ಲಿನ ಒಳಗಿದ್ದ ಮರದ ಬಾಗಿಲು ತೆರೆದೇ ಇತ್ತು. ನಾನು ಲಾಳ ಬಡಿದ ಶೂ ಬಿಚ್ಚಿಟ್ಟೆ. ಲಾಳ ನೆಲಕ್ಕೆ ಉಜ್ಜಿ ಕಿಡಿ ಹಾರಿದರೆ ಮುಗಿಯಿತು! ಬರಿಗಾಲಿಗೆ ಹೆಕ್ಸೇನ್ ಐಸಿನ ಹಾಗೆ ಕೊರೆಯಿತು. ತಲೆ ಸುತ್ತತೊಡಗಿತು.

ಆಗ ಬೆನ್ನ ಹಿಂದೆ ಚಿಲಕ ಸರಿದ ಸದ್ದು...

ಬಾಗಿಲಲ್ಲಿ ಎಂಬತ್ತರ ಮುದುಕಿ. ಸಂಕರ್ಷಣನ ತಾಯಿ ಕಾವೇರಮ್ಮ. ಕೈ ಗೋಡೆಯ ಸ್ವಿಚ್ಚಿನ ಕಡೆ ಹೋಗುತ್ತಿತ್ತು.

"ಅಮ್ಮಾ, ಲೈಟ್ ಬೇಡ!"

ಕೈ ನಿಂತಿತು. "ಯಾರಪ್ಪಾ ನೀನು? ನಮ್ಮನೇಲಿ ಏನ್ ಮಾಡ್ತಿದ್ದೀಯ?"

"ನಿಮ್ಮ ಮಗನ ಕೆಲಸದ ಮೇಲೆ ಬಂದಿದೀನಿ. ದಮ್ಮಯ್ಯ ಅಂತೀನಿ, ಏನೂ ಮುಟ್ಬೇಡಿ!"

"ದೀಪದ ಹೊತ್ತಾಯ್ತು. ದಿನಾ ಈ ಹೊತ್ತಿಗೆ ಹಿಂದಿನ ಬಾಗ್ಲು ಹಾಕ್ತೀನಿ. ದೀಪ ಹಚ್ಚೋವಾಗ ಹಿಂದಿನ ಬಾಗ್ಲು ತೆಗ್ದಿದ್ರೆ ಲಕ್ಷ್ಮಿ ಹೊರಟ್ಹೋಗ್ತಾಳೆ."

ನನಗೆ ಆಗ ಹೊಳೆಯಿತು. ಬೆಳಗಿನ ಪಾಳಿಯ ಹೆಂಗಸರಿಗೆ ಏನೂ ಆಗಿರಲಿಲ್ಲ. ಮಹಾನಂದ ಸಂಜೆ ಪಾಳಿ. ದಿನಾ ಈ ಹೊತ್ತಿಗೆ ಬಾಗಿಲು ಮುಚ್ಚುತ್ತಿತ್ತು. ನೆಲದ ಮೇಲೆ ಕೂತವಳು ರಾತ್ರಿಯವರೆಗೆ ಈ ಆವಿಯನ್ನೇ ಕುಡಿಯುತ್ತಿದ್ದಳು. ಪಾಪ!

"ಲೈಟ್ ಬೇಡ ಅಂದ್ರೆ ಕಾಣೋದ್ಹೇಗೆ? ತಾಳು, ಕಡ್ಡಿ ಗೀರ್ತೀನಿ."

ಮುದುಕಿ ಸೊಂಟದಿಂದ ಬೆಂಕಿಪೊಟ್ಟಣ ತೆಗೆದರು!

"ಬೇಡಮ್ಮಾ! ಗ್ಯಾಸ್ ಇದ್ದ ಹಾಗೆ ಇದು! ಹತ್ಕೊಳತ್ತೆ!"

"ಹೋಗಪ್ಪಾ, ಹೂವಿನೆಣ್ಣೆ ಅದು. ಏನೂ ಆಗಲ್ಲ ಅಂತ ನನ್ ಮಗನೇ ಹೇಳಿದಾನೆ."

"ಸಂಕರ್ಷಣಾ! ನೀನೇ ಹೇಳೋ! ಬಾಯಿ ಬಿಡೋ!"

ಸಂಕರ್ಷಣ ಗ್ರಿಲ್ಲಿನಾಚೆ ನಿಂತು ತಾಯಿಯ ಕೈಯಲ್ಲಿದ್ದ ಕಡ್ಡಿಯನ್ನು ನೋಡಿದ. ಮುಖ ಬಿಳಿಚಿತು. ಬೀಗ ತೆಗೆಯಲಿಲ್ಲ. ಬೇಡ ಅಂತ ತಾಯಿಗೆ ಕೂಗಲೂ ಇಲ್ಲ. ತಿರುಗಿ ಓಡಿದ! ಕಾವೇರಮ್ಮ ಅದನ್ನು ನೋಡಿದರು. ಆದರೂ ಕಡ್ಡಿ ಕೆಳಗಿಳಿಯಲಿಲ್ಲ.

"ಅವನ್ಯಾಕೆ ಓಡಿದ? ಹೊತ್ತು ಮೀರತ್ತೆ..."

ನಮ್ಮ ನಡುವೆ ಆರಡಿ ಒದ್ದೆ ನೆಲ. ನಾನು ನುಗ್ಗಿದರೆ ಬೆದರಿ ಗೀರಿಬಿಡುತ್ತಾರೆ. ಕಡ್ಡಿ ಪೊಟ್ಟಣಕ್ಕೆ ತಾಗಿತು. ನನ್ನ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಬಾಯಿಗೆ ಬಂದದ್ದು ಕೂಗಿದೆ.

"ಸೂತಕ ಅಮ್ಮಾ! ನಿಮಗೆ ಸೂತಕ ಬಂದಿದೆ! ದೀಪ ಹಚ್ಚೋ ಹಾಗಿಲ್ಲ!"

ಕೈ ಅಲ್ಲೇ ಕಲ್ಲಾಯಿತು.

"ಅಯ್ಯೋ ಕೃಷ್ಣಾ... ಯಾರಪ್ಪಾ ಹೋಗಿದ್ದು?"

"ಹತ್ತಿರದವರು. ಹೊರಗೆ ಬನ್ನಿ, ಹೇಳ್ತೀನಿ. ಪೊಟ್ಟಣ ಒಳಗಿಡಿ."

ಇಟ್ಟರು! ನಾನು ಉಸಿರು ಬಿಗಿಹಿಡಿದು ನೆಲ ದಾಟಿ ಬಂದೆ. ಮಡಿ ಮೈಲಿಗೆ ನೋಡದೆ ಅವರನ್ನು ಎತ್ತಿಕೊಂಡು ಮುಂಬಾಗಿಲಿಂದ ಬೀದಿಗೆ ಓಡಿದೆ. ಎದುರು ಮನೆಯ ಜಗಲಿಯ ಮೇಲೆ ಕೂರಿಸಿದೆ.

"ಫೈರ್ ಇಂಜಿನ್‌ಗೆ ಫೋನ್ ಮಾಡ್ರೀ! ಪೊಲೀಸ್‌ಗೂ ಮಾಡಿ! ಬೆಂಕಿ ಆರಿಸೋ ನೊರೆ, ಫೋಮ್ ತರಕ್ಕೆ ಹೇಳಿ. ನೀರು ಬೇಡ, ಅದರ ಮೇಲೆ ತೇಲ್ಕೊಂಡು ಬೆಂಕಿ ಬೀದಿಗೇ ಬರುತ್ತೆ!"

ಹಿಂದಿನ ಸಂದಿಗೆ ಓಡಿದೆ. ಸಂಕರ್ಷಣ ಹಿತ್ತಲ ಗೇಟಿನ ಪಕ್ಕದಲ್ಲೇ ಸ್ಕೂಟರ್ ಹತ್ತಿ ಕೂತಿದ್ದ. ಗೇಟಿನ ಅಡಿಯಿಂದ ವಾಸನೆ ಹರಿದು ಬರುತ್ತಿತ್ತು. ಅವನ ಹೆಬ್ಬೆರಳು ಸೆಲ್ಫ್ ಸ್ಟಾರ್ಟಿನ ಮೇಲೆ...

"ಒತ್ತಬೇಡ್ವೋ!"

ಕತ್ತಿನ ಪಟ್ಟಿ ಹಿಡಿದು ಎಳೆದೆ. ಸ್ಕೂಟರ್ ಸಮೇತ ಬಿದ್ದ. ಎದ್ದು ನನ್ನ ಮುಖಕ್ಕೆ ಗುದ್ದಿದ, ನನ್ನ ತುಟಿ ಒಡೆಯಿತು. ನಾನು ಕೀ ಕಿತ್ತು ಮೋರಿಗೆಸೆದು ಅವನನ್ನು ಸಂದಿಯ ತುದಿಯವರೆಗೂ ದರದರ ಎಳೆದುಕೊಂಡು ಹೋದೆ.

"ಅಮ್ಮ... ಹೋದ್ರಾ?" ಅಂತ ಅತ್ತ.

"ನಿನ್ನ ಪುಣ್ಯಕ್ಕಲ್ಲ, ಬದುಕಿದಾರೆ!"

ಫೋಮ್ ಬಂತು. ಪೊಲೀಸರೂ ಬಂದರು. ಜಗಲಿಯ ಮೇಲೆ ಕಾವೇರಮ್ಮ ಹಾಗೇ ಕೂತಿದ್ದರು. ನಾನು ಪಕ್ಕದಲ್ಲಿ ಕುಸಿದೆ.

"ಯಾರಪ್ಪಾ ಹೋಗಿದ್ದು?"

"ಯಾರೂ ಇಲ್ಲಮ್ಮ. ಸುಳ್ಳು ಹೇಳ್ದೆ. ತಪ್ಪಾಯ್ತು."

ಮಹಾನಂದಳ ಕಾಲಿನ ವಿಷಯ ಹೇಳಿದೆ. ಮುಚ್ಚಿದ ಬಾಗಿಲಿನ ವಿಷಯವನ್ನೂ ಹೇಳಿದೆ. ಮುದುಕಿಯ ಕಣ್ಣಲ್ಲಿ ನೀರು ತುಂಬಿತು.

"ನಾನೇ ಹಾಕ್ತಿದ್ನಲ್ಲಪ್ಪಾ ಬಾಗ್ಲು... ಅವನಿಗೆ ಗೊತ್ತಿತ್ತಾ?"

"ಈ ಆವಿಯಿಂದಾನೇ ಅಂತ ಡಾಕ್ಟ್ರು ಎರಡು ತಿಂಗಳ ಹಿಂದೇನೇ ಅವನಿಗೆ ಹೇಳಿದ್ರು."

ಎದುರಿಗೆ ಜೀಪು ನಿಂತಿತ್ತು. ಸಂಕರ್ಷಣ ಅದರೊಳಗಿಂದ "ಅಮ್ಮಾ" ಅಂತ ಕೂಗಿದ. ಅವರು ತಿರುಗಿ ನೋಡಲಿಲ್ಲ.

"ಗ್ರಿಲ್ಲಿನ ಬೀಗದ ಕೈ ಅವನ ಹತ್ರಾನೇ ಇತ್ತಲ್ವಾ?"

"ಇತ್ತಮ್ಮ."

ಕಾವೇರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಸೊಂಟದ ಬೆಂಕಿಪೊಟ್ಟಣ ತೆಗೆದು ನನ್ನ ಕೈಗೆ ಕೊಟ್ಟರು.

"ಹಾಗಾದ್ರೆ ನೀನೇನೂ ಸುಳ್ಳು ಹೇಳಿಲ್ಲ ಬಿಡಪ್ಪಾ. ಹತ್ತು ದಿನ ನಮ್ಮನೇಲಿ ದೀಪ ಇಲ್ಲ."