ಪೆನ್ನಿನ ಕ್ಯಾಪ್

ಕಾವ್ಯ ರಕ್ತದಾನದ ಫಾರಂ ತುಂಬಲು ನಿಂತಾಗ ಕಿರಣ್ ಕುಮಾರ್ ಜೇಬಿನಿಂದ ಪೆನ್ನು ತೆಗೆದು, ತಾನೇ ಕ್ಯಾಪ್ ಬಿಚ್ಚಿ ಕೊಟ್ಟ. ಅವಳು ಬರೆದು ಮುಗಿಸುವವರೆಗೂ ಆ ಕ್ಯಾಪನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ.

ಪಲ್ಲವಿಗೆ ಅಷ್ಟು ಸಾಕಾಯಿತು.

ಅವಳ ಕುರ್ಚಿ ಇದ್ದದ್ದು ಗೋಡೆಯ ಕಡೆಗೆ. ನಗು ಕೇಳಿಸಿತೆಂದು ಆವತ್ತು ತಿರುಗಿದ್ದಳು. ತಿರುಗಬಾರದಿತ್ತು.

"ನಂದು ಓ ನೆಗೆಟಿವ್ ರೀ," ಎಂದಳು ಕಾವ್ಯ. ಕಂಪ್ಲಿಯ ರೈಸ್ ಮಿಲ್ಲಿನವರ ಮಗಳು, ನಕ್ಕರೆ ಕೆನ್ನೆಯಲ್ಲಿ ಗುಳಿ. "ಯಾವಾಗ ಬೇಕಾದ್ರೂ ಫೋನ್ ಮಾಡ್ರಿ."

"ಮಾಡೇ ಮಾಡ್ತೀನ್ರಿ," ಎಂದ ಕಿರಣ್.

ಆರು ತಿಂಗಳಿಂದ ಪಲ್ಲವಿ ಅವನ ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ಕೊಡುವಾಗ ಪೆನ್ನನ್ನು ಹಾಗೇ ಮೇಜಿನ ಮೇಲೆ ಉರುಳಿಸುತ್ತಿದ್ದ, ಕ್ಯಾಪ್ ಸಮೇತ.

ಹೊಸಪೇಟೆಯ ಬಸ್ ಸ್ಟ್ಯಾಂಡ್ ಹಿಂದೆ ಅವನದೊಂದು ಇಂಟರ್‌ನೆಟ್ ಸೆಂಟರ್. ಅಲ್ಲಿಂದಲೇ ಇಬ್ಬರೂ ರಕ್ತದಾನಿಗಳ ವೆಬ್‌ಸೈಟ್ ನಡೆಸುತ್ತಿದ್ದರು. ಸಂಡೂರು ರಸ್ತೆಯಲ್ಲಿ ಅದಿರಿನ ಟಿಪ್ಪರ್‌ಗಳು ತುಂಬಿ ಅಪಘಾತ ಹೆಚ್ಚಿದ ಮೇಲೆ ಯಾರಾದರೂ ರಕ್ತ ಕೇಳಿಕೊಂಡು ಬರದ ವಾರವಿರಲಿಲ್ಲ. ಆರುನೂರು ಹೆಸರು ಒಂದೇ ಉದ್ದನೆಯ ಪುಟದಲ್ಲಿ. ಬೇಕಾದವರು ಸಿಗುವಷ್ಟರಲ್ಲಿ ಬೆರಳು ನೋಯುತ್ತಿತ್ತು. ಅದಕ್ಕೇ ಕಿರಣ್ ಈಗ ಸರ್ಚ್ ಬಾಕ್ಸ್ ಹಾಕುತ್ತಿದ್ದ.

"ಬಾಕ್ಸ್ ಹಾಕೋದು ಸಲೀಸು. ಅದರ ಹಿಂದಿನ ಪಟ್ಟಿ ಮಾಡೋದ ಕೆಲಸ," ಎಂದು ಪಲ್ಲವಿಗೆ ತೋರಿಸಿಕೊಟ್ಟ. "ಹೆಸರು, ಊರು, ಬ್ಲಡ್ ಗ್ರೂಪು, ಕಡೀಗೆ ರಕ್ತ ಕೊಟ್ಟ ತಾರೀಕು, ಎಲ್ಲಾ ಬ್ಯಾರೆ ಬ್ಯಾರೆ ಖಾನೆಯೊಳಗ ಹಾಕಬೇಕು. ಬಾಕ್ಸು ಊರೆಲ್ಲಾ ಹುಡುಕಂಗಿಲ್ಲ. ನೀ ಹಾಕಿದ್ದರೊಳಗ ಅಷ್ಟ ಹುಡುಕ್ತೈತಿ."

"ನಾ ಹಾಕಲಿಲ್ಲಂದ್ರ?"

"ಅವ್ರು ಇದ್ದೂ ಇಲ್ಲ."

ಪಲ್ಲವಿ ದಿನವೂ ಮಧ್ಯಾಹ್ನ ಫಾರಂಗಳನ್ನು ಒಂದೊಂದಾಗಿ ಟೈಪ್ ಮಾಡಿದಳು. ಅವಳು ಸ್ವತಃ ರಕ್ತ ಕೊಡುವಂತಿರಲಿಲ್ಲ. ತೂಕ ನಲವತ್ತೆರಡು ಕಿಲೋ. ಶಿಬಿರದಲ್ಲಿ ನರ್ಸ್ ಬಿಸ್ಕತ್ತು ಕೊಟ್ಟು ವಾಪಸ್ ಕಳಿಸಿದ್ದಳು. "ನಿನ್ನಿಂದ ತಗೊಂಡಿದ್ದು ತಿರಗಿ ನಿನಗ ಹಾಕಬೇಕಾಗ್ತೈತಿ," ಎಂದು ಕಿರಣ್ ರೇಗಿಸಿದ್ದ. ಆಗ ನಗು ಬಂದಿತ್ತು. ಈಗ ಕಾವ್ಯಳ ದುಂಡನೆಯ ಅಕ್ಷರದಲ್ಲಿ 'ತೂಕ: ೫೮' ಎಂದು ಓದಿದಾಗ ಅದೇ ಮಾತು ಮುಳ್ಳಾಯಿತು.

ಕಿರಣ್ ಚಹಾ ತರಲು ಹೋದ. ಪಲ್ಲವಿ ಆ ಫಾರಂ ಮಡಿಸಿ ಕೀಬೋರ್ಡಿನ ಕೆಳಗೆ ಸರಿಸಿದಳು.

ಸರ್ಚ್ ಶುರುವಾಯಿತು. ಕಂಪ್ಲಿ ಎಂದು ಒತ್ತಿದರೆ ಮೂವತ್ತೊಂದು ಹೆಸರು, ಕಾವ್ಯ ಇಲ್ಲ. ಪಲ್ಲವಿ ದಿನಕ್ಕೆರಡು ಸಲ ಒತ್ತಿ ನೋಡುತ್ತಿದ್ದಳು. ಸಮಾಧಾನವಾಗುತ್ತಿತ್ತು, ಆದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ವಾರದ ನಂತರ ಕಿರಣ್ ಪ್ರಿಂಟರ್ ರಿಪೇರಿಗೆಂದು ಕಮಲಾಪುರಕ್ಕೆ ಹೋಗಿದ್ದಾಗ ಒಬ್ಬ ಟಿಪ್ಪರ್ ಡ್ರೈವರ್ ಬಂದ. ರೆಪ್ಪೆಯವರೆಗೂ ಕೆಂಪು ಧೂಳು. ಮೆಟ್ಟು ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ನಿಂತ.

"ನಾ ಸುಂಕಪ್ಪ ಅಂತ. ನನ್ ಹೆಂಡ್ತಿ ಹೊಳೆಮ್ಮಗ ಹೆರಿಗಿ, ರಕ್ತ ಭಾಳ ಹೋಗೈತಿ. ದವಾಖಾನ್ಯಾಗ ಈ ಚೀಟಿ ಕೊಟ್ಟಾರ."

ಚೀಟಿಯಲ್ಲಿ ಓ ನೆಗೆಟಿವ್.

"ಒಳಗ ಬರ್ರಿ, ಕುಂದ್ರಿ."

"ಬ್ಯಾಡ ತಂಗಿ, ಕುರ್ಚಿ ಹೊಲಸಾಗ್ತೈತಿ."

"ಒರಸಿದ್ರ ಹೋಗ್ತೈತಿ. ಕುಂದ್ರಿ ಅಣ್ಣಾ."

ಒತ್ತಿದಳು. ಒಂದೇ ಹೆಸರು ಬಂತು, ಚೋರನೂರಿನ ಪಕೀರಪ್ಪ. ಹೋದ ತಿಂಗಳಷ್ಟೇ ಕೊಟ್ಟವನು, ಮೂರು ತಿಂಗಳಾಗುವವರೆಗೆ ಕೊಡುವಂತಿಲ್ಲ.

ಸುಂಕಪ್ಪ ತೆರೆಯನ್ನೇ ನೋಡುತ್ತಿದ್ದ. ಅವನಿಗೆ ಇಂಗ್ಲಿಷ್ ಬಾರದು. "ಏನಂತೈತಿ ತಂಗಿ ಅದು?"

ಯಾರೂ ಇಲ್ಲವಂತೆ ಎಂದರೆ ಅವನು ನಂಬುತ್ತಿದ್ದ. ಯಾರಿಗೂ ತಿಳಿಯುತ್ತಿರಲಿಲ್ಲ. ಪಲ್ಲವಿ ಕೀಬೋರ್ಡ್ ಎತ್ತಿದಳು. "ಒಬ್ರು ಅದಾರ ಅಣ್ಣಾ," ಎಂದು ಫಾರಂ ಬಿಡಿಸಿ ಫೋನ್ ತೆಗೆದುಕೊಂಡಳು.

ಕಾವ್ಯ ಒಂದು ಗಂಟೆಯೊಳಗೆ ಅಪ್ಪನ ಜೀಪಿನಲ್ಲಿ, ಪಲ್ಲವಿ ಕಾಯುತ್ತಿದ್ದ ಆಸ್ಪತ್ರೆಗೇ ಬಂದಳು. ಅರ್ಧ ಹೆಣೆದ ಜಡೆ, ಒಂದೊಂದು ಕಾಲಿಗೆ ಒಂದೊಂದು ಥರದ ಚಪ್ಪಲಿ. ರಕ್ತ ಕೊಟ್ಟೆದ್ದು, ಆಸ್ಪತ್ರೆಯವರ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಪಲ್ಲವಿಯ ಕೈಗಿಟ್ಟಳು. "ತಿನ್ರಿ, ನಿಮ್ ಮಾರಿ ನನಗಿಂತ ಬೆಳ್ಳಗಾಗೈತಿ." ಸಂಜೆಗೆ ಹೊಳೆಮ್ಮ ಕಣ್ಣು ಬಿಟ್ಟಳು. ಹೆಣ್ಣು ಮಗು.

ಕಿರಣ್ ಬಂದೊಡನೆ ಪಲ್ಲವಿ ಮಡಿಕೆ ಬಿದ್ದ ಫಾರಂ ಅವನ ಮುಂದಿಟ್ಟಳು. "ಕಾವ್ಯಂದು. ನಾನ ಬಚ್ಚಿಟ್ಟಿದ್ದೆ."

"ಯಾವ ಕಾವ್ಯ?"

ಪಲ್ಲವಿ ದಿಟ್ಟಿಸಿದಳು. ಅವನು ನಾಟಕ ಆಡುತ್ತಿರಲಿಲ್ಲ.

"ಕಂಪ್ಲಿಯಾಕಿ. ಕ್ಯಾಪ್ ಬಿಚ್ಚಿ ಪೆನ್ನು ಕೊಟ್ಟಿದ್ಯಲ್ಲ, ಆಕಿ."

ಅವನು ಫಾರಂ ಬೆಳಕಿಗೆ ಹಿಡಿದು ಓದಿದ. "ಇಂಥಾದ್ದು ಮತ್ತ ಮಾಡಬ್ಯಾಡ," ಎಂದ, ಮೆಲ್ಲಗೆ. "ಮೊದಲ ಅವ್ರ ಹೆಸರು ಹಾಕು."

ಹಾಕಿದಳು. ರಕ್ತ ಕೊಟ್ಟ ತಾರೀಕು: ಇಂದಿನದು. ಅಕ್ಷರಗಳು ಕಣ್ಣೀರಿನಲ್ಲಿ ಕದಡಿದವು.

"ಪಲ್ಲವಿ, ಫಾರಂ ತುಂಬೋರಿಗೆಲ್ಲಾ ನಾ ಕ್ಯಾಪ್ ತೆಗದ ಕೊಡೋದು. ಕ್ಯಾಪ್ ನನ್ನ ಕೈಯಾಗಿದ್ರ ಪೆನ್ನು ತಿರಗಿ ಬರ್ತೈತಿ. ಇಲ್ಲಂದ್ರ ಜೇಬಿಗೆ ಹಾಕ್ಕೊಂಡು ಹೋಗ್ತಾರ."

"ಮತ್ತ ನನಗ?"

ಕಿರಣ್ ಮುಖ ಬಾಗಿಲ ಕಡೆ ತಿರುಗಿಸಿದ. ಕಿವಿಗಳು ಕೆಂಪಾಗಿದ್ದವು. "ನೀ ಒಯ್ದ್ರ ಒಯ್ಯಿ ಅಂತ. ಆರು ತಿಂಗಳಿಂದ ಉರುಳಿಸ್ತಾ ಅದೀನಿ. ಒಂದ್ ದಿನಾನೂ ಒಯ್ಯಲಿಲ್ಲ ನೀ."

ಪೆನ್ನು ಮೇಜಿನ ಮೇಲೆ ಉರುಳಿ ಬಂದು ಅವಳ ಬೆರಳಿಗೆ ತಾಗಿ ನಿಂತಿತು.

ಪಲ್ಲವಿ ಎದ್ದಳು. ಪೆನ್ನನ್ನು ಬ್ಯಾಗಿಗೆ ಹಾಕಿಕೊಂಡಳು. ಕ್ಯಾಪನ್ನು ಮಾತ್ರ ಬಿಚ್ಚಿ ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ಇಟ್ಕೊ," ಎಂದಳು. "ನಾಳೆ ತಿರಗಿ ಬರ್ತೀನಿ."